ಐರಣಿಯ ಬಯಲಿನಿಂದ: ಕವಳಿ ಕಂಟಿಯ ವಿಚಾರ

ಐರಣಿ, ರಾಣೆಬೆನ್ನೂರು ತಾಲ್ಲೂಕು



ತುಂಗಭದ್ರೆಯ ದಂಡೆಯ ಐರಣಿಯನ್ನು ಬಿಟ್ಟು ರಾಣೆಬೆನ್ನೂರಿನ ಕಡೆಗೆ ನಡೆದಂತೆ ನದಿಯಂಚಿನ ಹಸಿರು ಹಿಂದುಳಿದು, ಅಲ್ಪ ಮಳೆಯಲ್ಲೇ ಬದುಕು ಸಾಗಿಸುವ ಮುಳ್ಳುಕಂಟಿಗಳ ಬಯಲುಸೀಮೆ ತೆರೆದುಕೊಳ್ಳುತ್ತದೆ. ಆ ಕಂಟಿಗಳಲ್ಲಿ ಜನರಿಗೆ ಹೆಚ್ಚು ಆಪ್ತವಾದುದು, ಕರಾವಳಿಯವರು ಕರಂಡೆ ಎನ್ನುವ ಕವಳಿ. ಕಣಗಿಲೆ, ನಂದಿಬಟ್ಟಲುಗಳ ಕುಟುಂಬಕ್ಕೇ ಸೇರಿದ ಈ ಗಿಡದ ಎಲೆ ಕಿತ್ತರೂ ಕಾಯಿ ಕಿತ್ತರೂ ಬಿಳಿಯ ಹಾಲು ಒಸರುತ್ತದೆ. ಕವಲೊಡೆದ ಗಟ್ಟಿ ಮುಳ್ಳುಗಳಿರುವುದರಿಂದ ಹೊಲದ ಬದುವಿಗೆ ಹಚ್ಚಿದರೆ ದನಕರುಗಳು ನುಗ್ಗದ ಜೀವಂತ ಬೇಲಿಯಾಗುತ್ತದೆ. ಬೇಸಿಗೆಯಲ್ಲಿ ಮಲ್ಲಿಗೆಯನ್ನು ನೆನಪಿಸುವ ಸುವಾಸನೆಯ ಬಿಳಿ ಹೂಗಳು ಬಿಟ್ಟು, ಮುಂಗಾರಿನ ಹೊತ್ತಿಗೆ ಹಸಿರು ಕಾಯಿಗಳು ಕೆಂಪಾಗಿ, ಕಡೆಗೆ ಕಪ್ಪಾಗಿ ಮಾಗುತ್ತವೆ. ಹಣ್ಣನ್ನು ಬಿಡಿಸಿ, ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಹೇಂಟೆ ಎಂದು ಪಂದ್ಯ ಕಟ್ಟುವ ಮಕ್ಕಳಾಟ ಮರಾಠಿ ಸೀಮೆಯಲ್ಲಿ ಇಂದಿಗೂ ಪ್ರಸಿದ್ಧ.

ಮಾಗಿದ ಹಣ್ಣು ಕೈಯಿಂದ ನೇರ ಬಾಯಿಗೆ ಹೋಗುವಂಥದು. ಕಾಯಿಯದೇ ನಿಜವಾದ ಅಡುಗೆಮನೆಯ ಬಳಕೆ. ಒಡೆದ ಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿ ಅಂಟುಹಾಲನ್ನು ಕಳೆದು, ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ನೆರೆಯ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಕಲಸಿದರೆ, ಮಾವಿನಕಾಯಿಗೆ ಎಷ್ಟೂ ಕಡಿಮೆಯಿಲ್ಲದ ಉಪ್ಪಿನಕಾಯಿಯಾಗುತ್ತದೆ. ಹಣ್ಣಿನ ರಸವನ್ನು ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ಅಂಶ ಅರೆಮಾಗಿದ ಕಾಯಿಯಲ್ಲಿ ಹೇರಳವಾಗಿರುವುದರಿಂದ ಜೆಲ್ಲಿಯೂ ಸುಲಭವಾಗಿ ಕೂಡುತ್ತದೆ.

ಗೆಳೆಯನೊಬ್ಬ ನೆಲೆಸಿರುವ ಕೆನಡಾದ ಸಾಸ್ಕಟೂನ್ ನಗರಕ್ಕೆ ಹೆಸರು ಕೊಟ್ಟ ಸಾಸ್ಕಟೂನ್ ಹಣ್ಣು ಗುಲಾಬಿ ಕುಟುಂಬದ್ದು, ಅದಕ್ಕೆ ಮುಳ್ಳಿಲ್ಲ, ಹಾಲೂ ಇಲ್ಲ. ಆದರೂ ಎರಡೂ ಗಿಡಗಳು ಬಯಲುನಾಡಿನ ಜನರ ಮುಂದಾಲೋಚನೆಗೆ ಒದಗಿ ಬಂದಿವೆ. ಕ್ರೀ ಮೊದಲಾದ ಮೂಲನಿವಾಸಿಗಳು ಆ ಹಣ್ಣನ್ನು ಒಣಗಿಸಿ, ಕುಟ್ಟಿದ ಕಾಡೆಮ್ಮೆಯ ಒಣಮಾಂಸ ಮತ್ತು ಕೊಬ್ಬಿನೊಡನೆ ಬೆರೆಸಿ, ಪೆಮ್ಮಿಕನ್ ಎಂಬ ಬಹುಕಾಲ ಕೆಡದ ಆಹಾರವನ್ನು ಚಳಿಗಾಲಕ್ಕೆಂದು ಕಟ್ಟಿಡುತ್ತಿದ್ದರು. ಆ ಹಣ್ಣಿಗೆ ಇಂದು ಅಲ್ಲಿ ತೋಟಗಳೇ ಎದ್ದಿವೆ.

ಕವಳಿಗೆ ಆ ಗೌರವ ಇನ್ನೂ ದೊರೆತಿಲ್ಲವೆಂಬುದು ನೋವಿನ ಸಂಗತಿ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯದಲ್ಲಿಯೂ ಕುರುಚಲು ಬಯಲಿನ ದೊಡ್ಡ ಪಾಲನ್ನು ನೀಲಗಿರಿ ನೆಡುತೋಪುಗಳು ಆಕ್ರಮಿಸಿವೆ. ಹೊಲಗಳ ಬದುಗಳಲ್ಲಿ ತಂತಿಬೇಲಿ ಬಂದಲ್ಲೆಲ್ಲ ಕಂಟಿಗೆ ಜಾಗವಿಲ್ಲ. ತಂತಿಯು ಹಣ್ಣು ಕೊಡದು, ಹಕ್ಕಿಗೆ ಗೂಡೂ ಆಗದು. ಕವಳಿಯ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಬೇಲಿ ಕಟ್ಟಬಯಸುವ ರೈತರು ಹಣ್ಣು ಮಾಗಿದ ಮಳೆಗಾಲದಲ್ಲಿಯೇ ಹಸಿಬೀಜವನ್ನು ಬಿತ್ತಬೇಕಾಗುತ್ತದೆ.