ಮನೆಯಲ್ಲಿ ಓದುವ ಮಗುವೂ ಊರಿನ ಚರಿತ್ರೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೇರೆಯೇ ಒಂದು ಜಿಲ್ಲೆ. ಅದಕ್ಕೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯದ ಉಳಿದೆಡೆಗಳಂತೆ ಇಲ್ಲಿಯೂ ವಿದ್ಯಾಗಮದ ಹೆಸರಿನಲ್ಲಿ ಪಾಠವು ಗುಡಿಯ ಜಗುಲಿಗೂ ಅರಳಿಕಟ್ಟೆಗೂ ಬಂದಿತು. ಮನೆಗಳಲ್ಲಿ ತಾಯಿತಂದೆಯರೇ ಉಪಾಧ್ಯಾಯರಾದರು. ಗಣಿತಕ್ಕೆ ಪಠ್ಯಪುಸ್ತಕ ಸಾಕಾಯಿತು, ಇತಿಹಾಸಕ್ಕೆ ಸಾಲಲಿಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವವರಿಗೆ ಈ ತೊಡಕು ಒಂದು ವರ್ಷದ್ದಲ್ಲ, ನಿತ್ಯದ್ದು. ತರಗತಿಯಲ್ಲಿ ನೀರಸ ಪುಸ್ತಕವನ್ನೂ ಪರೀಕ್ಷೆಯ ಭಯ ಓದಿಸಿಬಿಡುತ್ತದೆ. ಮನೆಯಲ್ಲಿ ಓದುವ ಮಗುವಿಗೆ ಪುಸ್ತಕವನ್ನು ಮುಚ್ಚಿಟ್ಟು ಎದ್ದುಹೋಗುವ ಸ್ವಾತಂತ್ರ್ಯವಿದೆ; ಆ ಸ್ವಾತಂತ್ರ್ಯವೇ ಪುಸ್ತಕದ ನಿಜವಾದ ಪರೀಕ್ಷೆ.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆದವರೇನೂ ಕಡಿಮೆಯಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ವನ್ನು ಕೊಟ್ಟರು, ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಬಂದಿತು, ಎಲ್. ಎಸ್. ಶೇಷಗಿರಿರಾಯರು ಸಂಪಾದಿಸಿದ 'ಭಾರತ-ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು ಮನೆಮನೆಯನ್ನೂ ಸೇರಿದವು. ಒಂದೇ ಕೂರಿಕೆಗೆ ಮುಗಿಯುವ ಗಾತ್ರ, ತಿಳಿಯಾದ ಭಾಷೆ, ಕಥನದ ಓಟ ಈ ಮಾಲೆಯ ಗುಣಗಳು. ಆದರೆ ಅದರ ಹವಣೇ ಬೇರೆ: ಅಲ್ಲಿ ಚರಿತ್ರೆಯೆಂದರೆ ಮಹಾಪುರುಷರ ಚರಿತೆ. ಹತ್ತಾರು ಪುಸ್ತಕಗಳನ್ನು ಓದಿದ ಮಗುವಿಗೆ ದೊಡ್ಡವರೆಲ್ಲ ಬೇರೆಲ್ಲೋ ಹುಟ್ಟಿದರು, ಅವರಾರೂ ತಪ್ಪು ಮಾಡಲಿಲ್ಲ ಎಂಬ ಭಾವನೆ ಬಂದರೆ ಅದು ಮಗುವಿನ ದೋಷವಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ನೋಡಬಹುದು. ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮನ ಕಥೆ ನಾಡಿನ ಮಕ್ಕಳಿಗೆಲ್ಲ ಗೊತ್ತು. ಅದೇ ಮನೆತನದ ಕೊನೆಯ ರಾಣಿ ವೀರಮ್ಮಾಜಿಯ ಕಥೆ ಗೊತ್ತಿರುವುದು ಅಪರೂಪ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಆಕೆಯನ್ನೂ ದತ್ತುಪುತ್ರನನ್ನೂ ಸೆರೆಯಲ್ಲಿಟ್ಟದ್ದು ಈ ಮಧುಗಿರಿಯ ಕೋಟೆಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಪುಣೆಯ ದಾರಿಯಲ್ಲಿ ರಾಣಿ ತೀರಿಕೊಂಡಳು. ಮಲೆನಾಡಿನ ಮಳೆಯಲ್ಲಿ ಬಾಳಿದವಳೊಬ್ಬಳು ನೆರಳಿಲ್ಲದ ಈ ಬಂಡೆಯ ಮೇಲೆ ನಾಲ್ಕು ವರ್ಷ ಹೇಗೆ ಕಳೆದಳು ಎಂದು ಬೆಟ್ಟ ಹತ್ತಿದ ಮಗು ಕೇಳಿಯೇ ಕೇಳುತ್ತದೆ. ಬಿದನೂರಿನ ಆ ಪತನವನ್ನು ಕುರಿತು ಮಾಸ್ತಿಯವರ 'ಚೆನ್ನಬಸವ ನಾಯಕ'ವಿದೆ. ಅದು ಮಕ್ಕಳ ಪುಸ್ತಕವಲ್ಲ, ನಿಜ. ರಾಣಿಯ ಬದುಕಿನ ಕೆಲವು ಸಂಗತಿಗಳು ಎಳೆಯರಿಗೆ ತಕ್ಕವೂ ಅಲ್ಲ. ಆದರೂ ಹದಿಮೂರು ಹದಿನಾಲ್ಕರ ಮಗುವಿಗೆ ಹಿರಿಯರು ಆಯ್ದು ಓದಿ ಹೇಳಿದರೆ, ಮಕ್ಕಳಿಗೆಂದೇ ಬರೆದ ಅನೇಕ ಪುಸ್ತಕಗಳಿಗಿಂತ ಅದು ಹೆಚ್ಚು ಹಿಡಿಸೀತು.

ಶಿರಾ ಇನ್ನೂ ಕಠಿಣವಾದ ಪಾಠ. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಪಾಳುಬಿದ್ದ ಕೋಟೆ ಇವುಗಳ ನಡುವೆ ಆಡುವ ಮಗುವಿಗೆ, ತನ್ನ ಊರು 1687ರಿಂದ ಮೊಗಲರ ಒಂದು ಸುಬಾದ ರಾಜಧಾನಿಯಾಗಿತ್ತು, ಬಸವಾಪಟ್ಟಣದಿಂದ ಕೋಲಾರದವರೆಗೆ ಏಳು ಪರಗಣಗಳು ಅದರ ಆಳಿಕೆಯಲ್ಲಿದ್ದವು ಎಂದರೆ ನಂಬುವುದೇ ಕಷ್ಟ. ಅಷ್ಟು ದೊಡ್ಡ ಊರು ಏಕೆ ಕುಗ್ಗಿತು? ಶ್ರೀರಂಗಪಟ್ಟಣದ ಬಳಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಿಸಲು ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಬಿ. ಎಲ್. ರೈಸರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಟಿಪ್ಪು ಒಂದೋ ಹುಲಿ, ಇಲ್ಲವೇ ಕ್ರೂರಿ. ಈ ಎರಡು ಚಿತ್ರಗಳಲ್ಲಿಯೂ ಗಂಟುಮೂಟೆ ಕಟ್ಟಿಕೊಂಡು ನಡೆದ ಶಿರಾದ ನೇಕಾರನೋ ವ್ಯಾಪಾರಿಯೋ ಕಾಣಿಸುವುದಿಲ್ಲ. ಸಂಖ್ಯೆಯನ್ನು ಬರೆದವನು ಗೆದ್ದ ಪಕ್ಷದ ಅಧಿಕಾರಿ ಎಂಬುದನ್ನೂ ಅದೇ ಕೂರಿಕೆಯಲ್ಲಿ ಹೇಳಬೇಕು. ಹನ್ನೆರಡು ವರ್ಷದ ಮಗುವಿಗೆ ಇದು ಅರ್ಥವಾಗದ ಮಾತೇನಲ್ಲ. ಮನೆಯಲ್ಲಿ ಇಬ್ಬರು ಜಗಳವಾಡಿದರೆ ಇಬ್ಬರ ಮಾತನ್ನೂ ಕೇಳಬೇಕೆಂದು ಅದು ಆಗಲೇ ಬಲ್ಲದು.

ಕೊರಟಗೆರೆಗೆ ಚನ್ನರಾಯನದುರ್ಗವೂ ಸಿದ್ಧರಬೆಟ್ಟವೂ ಇವೆ. ಅಲ್ಲಿ ಪುಸ್ತಕಕ್ಕಿಂತ ಕಾಲ್ನಡಿಗೆಯೇ ಮೊದಲು.

ಪಾವಗಡದ ಮಾತು ಬೇರೆ. ಆಂಧ್ರದ ಗಡಿಯಿಂದ ಬಹುಪಾಲು ಸುತ್ತುವರಿದ ಈ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಇಲ್ಲಿನ ನಿಡುಗಲ್ಲಿನ ಬೆಟ್ಟದಲ್ಲಿ 1232ರಲ್ಲಿ, ಇರುಂಗೋಳನ ಆಳಿಕೆಯಲ್ಲಿ, ಗಂಗೇಯನ ಮಾರೆಯ ಎಂಬವನು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಆ ಶಾಸನ 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ, ಕನ್ನಡ ಲಿಪಿಯಲ್ಲಿಯೇ ಇದೆ. ವಿದ್ವಾಂಸರ ಕಪಾಟಿಗೆ ಮೀಸಲಾದ ಈ ಗ್ರಂಥವನ್ನು ಮಗುವಿನ ಮುಂದೆ ಬಿಡಿಸಿಡುವುದು ಹುಚ್ಚುತನವೆನ್ನಿಸಬಹುದು. ಹಳಗನ್ನಡದ ವಾಕ್ಯ ಅದಕ್ಕೆ ಎಟುಕದು, ಹೆಸರುಗಳು ಎಟುಕುತ್ತವೆ. ತನ್ನ ಬೆಟ್ಟದ ಹೆಸರನ್ನು ಅಚ್ಚಿನಲ್ಲಿ ತಾನೇ ಕೂಡಿಸಿ ಓದಿದ ಮಗು ಮುಂದಿನ ಸಾಲನ್ನು ಯಾರಾದರೂ ಬಿಡಿಸಿ ಹೇಳಲೆಂದು ಕಾಯುತ್ತದೆ. ನಿಡುಗಲ್ಲಿನ ಅರಸರು ತಮ್ಮನ್ನು ಚೋಳರೆಂದು, ಒರೆಯೂರಿನ ಒಡೆಯರೆಂದು ಕರೆದುಕೊಂಡರು. ಒರೆಯೂರು ಇರುವುದು ಕಾವೇರಿಯ ದಡದಲ್ಲಿ, ತಿರುಚಿರಾಪಳ್ಳಿಯ ಮಗ್ಗುಲಲ್ಲಿ. ಪಾವಗಡದ ಬೆಟ್ಟದ ಮೇಲೆ ಕುಳಿತವನಿಗೆ ಅಷ್ಟು ದೂರದ ಊರಿನ ಹೆಸರೇಕೆ ಬೇಕಾಯಿತು ಎಂಬ ಪ್ರಶ್ನೆಗೆ ಒಂದು ಭೂಪಟ, ಒಂದು ದಾರ, ಒಂದು ಮಧ್ಯಾಹ್ನ ಸಾಕು.