ಕೊಳ್ಳೋರು ನಾವಾದ್ರೆ ಸರಿ, ಮಾರೋರು ನಾವಾದ್ರೆ?



ಇವತ್ತು ಒಂದು ವಿಡಿಯೋ ಗೇಮ್ ಬಗ್ಗೆ ಬರೀತಿದ್ದೀನಿ. ಧರಣಿ, ಮನವಿ ಪತ್ರ, ಜಯಂತಿ ಅಂತ ಬರೆಯೋನಿಗೆ ಇದೇನು ಬಂತು ಅಂತ ನಗಬೇಡಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಪೂರ್ತಿ ಓದಿ.

ಗೇಮಿನ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮೋಜಾಂಗ್ ಅನ್ನೋ ಕಂಪನಿ 2011ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ್ದು. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನ ಕೊಂಡುಕೊಂಡಿತು. ಇಲ್ಲಿವರೆಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಗಿದೆ. ನಮ್ಮ ಮನೇಲಿ ಎಂಟನೇ ಕ್ಲಾಸಿನ ಹುಡುಗ ಇದ್ದಾನೆ, ಅವನಿಂದ ನಂಗೆ ಇದರ ಪರಿಚಯ. ಕಥೆ ಇಲ್ಲ, ಕೊನೆ ಇಲ್ಲ. ಬರಿಗೈಲಿ ಒಂದು ಕಾಡಲ್ಲಿ ನಿಲ್ಲಿಸ್ತಾರೆ. ಮರ ಕಡಿ, ಕಲ್ಲು ಒಡಿ, ಬೆಳೆ ಬೆಳಿ, ರಾತ್ರಿ ಬರೋ ದೆವ್ವಗಳಿಂದ ಬದುಕಿಕೋ, ಅಷ್ಟೇ. ಒಂಥರಾ ನಮ್ಮ ಅಜ್ಜಂದಿರ ಬದುಕೇ.

ಆ ಲೋಕದಲ್ಲಿ ಅಲ್ಲಲ್ಲಿ ಹಳ್ಳಿಗಳಿವೆ. ಹಳ್ಳೀಲಿ ವ್ಯಾಪಾರ ಮಾಡೋ ಜನ ಇದ್ದಾರೆ. ಅಲ್ಲಿ ದುಡ್ಡು ಅಂದ್ರೆ ಪಚ್ಚೆ ಕಲ್ಲು. 20 ಗೋಧಿ ಕೊಟ್ರೆ ರೈತ ಒಂದು ಪಚ್ಚೆ ಕೊಡ್ತಾನೆ. 24 ಕಾಗದ ಕೊಟ್ರೆ ಗ್ರಂಥಪಾಲಕ ಒಂದು ಪಚ್ಚೆ ಕೊಡ್ತಾನೆ. ಬಾಣ ಮಾಡೋನು 32 ಕಡ್ಡಿಗೆ ಒಂದು ಪಚ್ಚೆ ಕೊಡ್ತಾನೆ. ನೇರಳೆ ನಿಲುವಂಗಿ ಹಾಕಿಕೊಂಡು ಪೂಜಾರಿ ತರ ಇರೋನೊಬ್ಬ ಇದ್ದಾನೆ. ಅವನು ಏನು ಕೊಳ್ತಾನೆ ಗೊತ್ತಾ? ಕೊಳೆತ ಮಾಂಸ! 32 ತುಂಡು ಕೊಟ್ರೆ ಒಂದು ಪಚ್ಚೆ. ಕೈ ಚಾಚಿ ಇಸ್ಕೋತಾನೆ. ಆಮೇಲೆ ಸ್ನಾನಕ್ಕೂ ಹೋಗಲ್ಲ. ಇದನ್ನ ನೋಡಿ ನಾನೂ ಮಗನೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೀವಿ, ಇಬ್ಬರೂ ಬೇರೆ ಬೇರೆ ಕಾರಣಕ್ಕೆ.

ಇನ್ನೊಂದು ವಿಷಯ ನೋಡಿ. ಅಲ್ಲಿ 13 ಕಸುಬುಗಳಿವೆ. ಯಾವ ಮಗುವೂ ಕಸುಬು ಹೊತ್ತುಕೊಂಡು ಹುಟ್ಟಲ್ಲ. ದೊಡ್ಡದಾದ ಮೇಲೆ ಎದುರಿಗೆ ಯಾವ ಸಲಕರಣೆ ಖಾಲಿ ಇದೆಯೋ ಆ ಕೆಲಸ ಹಿಡಿಯುತ್ತೆ. ಕೊಪ್ಪರಿಗೆ ಇದ್ರೆ ಚರ್ಮದ ಕೆಲಸ, ಪುಸ್ತಕದ ಪೀಠ ಇದ್ರೆ ಗ್ರಂಥಪಾಲಕ. ಮೊದಲ ವ್ಯಾಪಾರ ಆಗೋ ಮುಂಚೆ ಕೊಪ್ಪರಿಗೆ ತೆಗೆದು ಪೀಠ ಇಟ್ರೆ, ಚರ್ಮ ಹದ ಮಾಡ್ತಿದ್ದ ಅದೇ ಮನುಷ್ಯ ಪುಸ್ತಕ ಮಾರೋಕೆ ಶುರು ಮಾಡ್ತಾನೆ. ಊರಲ್ಲಿ ಯಾರೂ ಪಂಚಾಯ್ತಿ ಸೇರಿಸಲ್ಲ. ಚರ್ಮದವನ ಪಚ್ಚೆಗೂ ಪೂಜಾರಿ ಪಚ್ಚೆಗೂ ಬೆಲೆ ಒಂದೇ. ಜಾತಿ ಅನ್ನೋದು ಬರೀ ಕೆಲಸದ ವಿಂಗಡಣೆ ಅಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ವಿಂಗಡಿಸೋದು ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಾದ ಮಾಡಿದ್ರು. ಮಗನಿಗೆ ಅದನ್ನ ಹೇಳಿಕೊಡೋಕೆ ನಂಗೆ ಈ ಕೊಪ್ಪರಿಗೆ ಮತ್ತು ಪೀಠ ಸಾಕಾಯ್ತು.

ಹಾಗಂತ ಅದೇನು ಬೇಗಂಪುರ ಅಲ್ಲ. ಆಡೋ ಮಕ್ಕಳು ಆ ವ್ಯಾಪಾರಿಗಳನ್ನ ಹಿಡಿದು ಒಂದೊಂದೇ ಗೂಡಲ್ಲಿ ಸಾಲಾಗಿ ಕೂಡಿಹಾಕ್ತಾರೆ. ಬೇಕು ಅಂತಲೇ ದೆವ್ವದ ಕೈಲಿ ಕಚ್ಚಿಸಿ, ಆಮೇಲೆ ಔಷಧಿ ಕೊಟ್ಟು ವಾಸಿ ಮಾಡ್ತಾರೆ. ವಾಸಿಯಾದವನು ಋಣಕ್ಕೆ ಬಿದ್ದು ಕಮ್ಮಿ ರೇಟಿಗೆ ಮಾರ್ತಾನೆ. ನಾನು ಮಗನಿಗೆ ಹೇಳಿದೆ, 'ಲೇ, ಇದಕ್ಕೆ ನಮ್ಮ ಕಡೆ ಜೀತ ಅಂತಾರೆ. ನಿಮ್ಮ ಮುತ್ತಾತ ಇದೇ ತರ ಒಂದು ಸಾಲದ ಋಣಕ್ಕೆ ಇನ್ನೊಬ್ಬರ ಕೊಟ್ಟಿಗೇಲಿ ಇದ್ದದ್ದು. 1976ರಲ್ಲಿ ಕಾಯ್ದೆ ಮಾಡಿ ನಿಲ್ಲಿಸಿದ್ದು.' ಅವನು ಗೂಡು ಒಡೆದನೋ ಇಲ್ಲವೋ ನಾನು ಕೇಳಲಿಲ್ಲ.

ಆದ್ರೆ ಒಂದು ಮಾತಂತೂ ನಿಜ. ಆ ಹಳ್ಳೀಲಿ ನೀನು ಯಾರು ಅಂತ ಯಾರೂ ಕೇಳಲ್ಲ, ಕೈಲಿ ಏನಿದೆ ಅಂತ ನೋಡ್ತಾರೆ. ಅವರು ನಮಗೆ ಮಾರ್ತಾರೆ ಅನ್ನೋದು ಅದರಲ್ಲಿ ಅರ್ಧ ಭಾಗ ಅಷ್ಟೇ. ನಾವು ತಂದಿದ್ದನ್ನ ಅವರು ಕೊಳ್ತಾರೆ. ಈ ಇನ್ನರ್ಧ ಭಾಗವೇ ನನ್ನ ತಲೆ ಕೊರೀತಾ ಇರೋದು.

ನಮ್ಮ ಅಪ್ಪನ ಕಾಲದಲ್ಲಿ ಅಂಗಡಿ ಅಂದ್ರೆ ದೂರ ನಿಂತು ಕೂಗೋದು. ಕಾಸು ಕೆಳಗಿಡಬೇಕು, ಸಾಮಾನು ಮೇಲಿಂದ ಬೀಳುತ್ತೆ. ಈಗ ನಮ್ಮ ಜಿಲ್ಲೇಲಿ ಅದು ಬಹಳ ಕಡೆ ಹೋಗಿದೆ, ಇಲ್ಲ ಅನ್ನಲ್ಲ. ಫೋನ್ ಸ್ಕ್ಯಾನ್ ಮಾಡಿದ್ರೆ ಯಾರ ದುಡ್ಡಾದ್ರೂ 'ಸ್ವೀಕರಿಸಲಾಗಿದೆ' ಅಂತ ಡಬ್ಬಿ ಕೂಗುತ್ತೆ. ಇದರ ಹಿಂದೆ ಹೋರಾಟ ಇದೆ, ಕಾನೂನು ಇದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್ಲುಗಳ ಪ್ರವೇಶವನ್ನ ಹೆಸರು ಹಿಡಿದು ಹೇಳುತ್ತೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಸ್ಪೃಶ್ಯತೆ ಕಾರಣಕ್ಕೆ ಸಾಮಾನು ಮಾರಲ್ಲ ಅನ್ನೋದು ಅಪರಾಧ. ಊರು ಸೇರಿ ಬಹಿಷ್ಕಾರ ಹಾಕಿದ್ರೆ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಇದೆ.

ಮಾರಲ್ಲ ಅಂದ್ರೆ ಕೇಸ್ ಹಾಕಬಹುದು. ಆದ್ರೆ ಒಬ್ಬೊಬ್ಬರೇ, ಬಾಯಿಬಿಡದೆ, ನಮ್ಮ ಅಂಗಡಿ ಮುಂದೆ ಹಾದು ಪಕ್ಕದ ಅಂಗಡಿಗೆ ಹೋದ್ರೆ ಯಾವ ಸೆಕ್ಷನ್ ಹಾಕ್ತೀರಿ?

ನಮ್ಮಕ್ಕನ ಕಥೆ ಹೇಳ್ತೀನಿ. ಊರ ಹೆಸರು ಬೇಡ. ಸಂಘದಲ್ಲಿ 40 ಸಾವಿರ ಸಾಲ ತಗೊಂಡು ಊರ ಗೇಟಿನ ಹತ್ರ ಒಂದು ಪೆಟ್ಟಿಗೆ ಅಂಗಡಿ ಇಟ್ಟಳು. ಒಂದು ಕಡೆ ಚಿಪ್ಸು, ಬಿಸ್ಕತ್ತು, ಶಾಂಪೂ. ಇನ್ನೊಂದು ಕಡೆ ಒಲೆ, ಬೆಳಿಗ್ಗೆ ಇಡ್ಲಿ, ಸಂಜೆ ಬೋಂಡ. ಮೂರು ತಿಂಗಳಲ್ಲಿ ಅವಳಿಗೆ ಲೆಕ್ಕ ಗೊತ್ತಾಯ್ತು. ಪ್ಯಾಕೆಟ್ಟು ಎಲ್ಲರೂ ಕೊಳ್ತಾರೆ. ಇಡ್ಲಿ ನಮ್ಮ ಕೇರಿಯವರು ಮಾತ್ರ ಕೊಳ್ತಾರೆ. ಪ್ಯಾಕೆಟ್ಟಿನೊಳಗಿನ ಚಿಪ್ಸನ್ನ ಯಾರು ಕರಿದ್ರೋ ಯಾರಿಗೆ ಗೊತ್ತು, ಅದಕ್ಕೆ ಮೈಲಿಗೆ ಇಲ್ಲ. ಇಡ್ಲಿ ಬೇಯಿಸಿದ ಕೈ ಕಣ್ಣಿಗೆ ಕಾಣುತ್ತಲ್ಲ. ಯಾರೂ ಬೈಲಿಲ್ಲ, ಗಲಾಟೆ ಮಾಡಲಿಲ್ಲ. 'ಚೆನ್ನಾಗಿದ್ದೀಯಾ ಅಮ್ಮ?' ಅಂತ ಕೇಳ್ಕೊಂಡೇ ಮುಂದೆ ಹೋಗ್ತಿದ್ರು. ಹಿಟ್ಟು ಹುಳಿ ಬಂದು ಚೆಲ್ಲಬೇಕಾಗ್ತಿತ್ತು.

ಇದಕ್ಕೆ ಪಕ್ಕದಲ್ಲೇ ರೇಷ್ಮೆ ಗೂಡು ಇಟ್ಟು ನೋಡಿ. ನಮ್ಮ ದೇವನಹಳ್ಳಿ, ವಿಜಯಪುರದ ಕಡೆಯ ರೈತರಿಗೆಲ್ಲಾ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಗೊತ್ತು. ಅಲ್ಲಿ ಲಾಟ್ ನಂಬರ್ ಮೇಲೆ ಹರಾಜು. ರೀಲರ್ ಗೂಡನ್ನ ಕೈಯಲ್ಲಿ ಹಿಡಿದು ನೋಡ್ತಾನೆ, ಗುಣಮಟ್ಟ ನೋಡಿ ಮೊಬೈಲಲ್ಲಿ ಬಿಡ್ ಹಾಕ್ತಾನೆ. ಹುಳಕ್ಕೆ ಸೊಪ್ಪು ಹಾಕಿದೋರು ಯಾವ ಕೇರಿ ಅಂತ ಲಾಟ್ ನಂಬರ್ ಹೇಳಲ್ಲ. ಮೈನ್‌ಕ್ರಾಫ್ಟ್ ಹಳ್ಳಿಗೆ ನಮ್ಮ ಕಡೆ ಏನಾದ್ರೂ ಹತ್ರ ಇದ್ರೆ ಅದು ಇದೇ. ಆ ರೇಷ್ಮೆ ಸೀರೆ ಆಗಿ ಗುಡಿಯೊಳಗೂ ಹೋಗುತ್ತೆ. ತಿನ್ನೋ ವಿಷಯ ಬಂದಾಗ ಮಾತ್ರ ಹೆಸರು, ಊರು, ಕೇರಿ ಎಲ್ಲಾ ಬೇಕು. 2025ರ ಜೂನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆ ಸುದ್ದಿ ಓದಿರ್ತೀರಿ. ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನ ಶಾಲೆ ಬಿಡಿಸಿ ಟಿ.ಸಿ. ಇಸ್ಕೊಂಡ್ರು ಅಂತ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಬಿಸಿಯೂಟಕ್ಕೆ ದುಡ್ಡೇ ಇಲ್ಲ, ಪುಕ್ಕಟೆ. ಪುಕ್ಕಟೆ ಕೊಟ್ರೂ ಬೇಡ ಅನ್ನಿಸಿಕೊಂಡ ಮೇಲೆ, ನಮ್ಮಕ್ಕನ 30 ರೂಪಾಯಿ ಪ್ಲೇಟನ್ನ ಯಾರು ಕೊಳ್ತಾರೆ?

ಬರೀ ಅನ್ನದ ವಿಷಯವೂ ಅಲ್ಲ. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ವಾಪಸ್ ಬಂದ ಮೇಲೆ ಮುಂಬೈನಲ್ಲಿ ಷೇರು ವ್ಯವಹಾರದ ಸಲಹೆ ಕೊಡೋ ಒಂದು ಸಣ್ಣ ಉದ್ಯೋಗ ಶುರು ಮಾಡಿದ್ರು. ಸಲಹೆ ಕೊಡ್ತಿರೋನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತು ಅದು ಮುಚ್ಚಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದ್ರು. ಲೆಕ್ಕಕ್ಕೆ, ಮಾತಿಗೆ ಏನು ಮೈಲಿಗೆ? ಆದ್ರೂ ಕೊಳ್ಳಲಿಲ್ಲ. ಇಡೀ ದೇಶದ ಹಣಕಾಸನ್ನ ಅರೆದು ಕುಡಿದವರ ಅಂಗಡಿಗೇ ಹೀಗಾಗಿದೆ ಅಂತ ನಾನು ಅಕ್ಕನಿಗೆ ಹೇಳಿದಾಗ ಅವಳು, 'ಅವರಿಗೆ ಹಿಟ್ಟು ಹುಳಿ ಬರ್ತಿರಲಿಲ್ಲ ಬಿಡು' ಅಂದಳು.

ಗೇಮಿನಲ್ಲಿ ಚಾಡಿ ಅಂತ ಒಂದು ಲೆಕ್ಕ ಇದೆ. ನೀವು ಒಬ್ಬ ಹಳ್ಳಿಯವನಿಗೆ ಹೊಡೆದ್ರೆ ಅವನು ಬೇರೆಯವರ ಹತ್ರ ಹೇಳ್ತಾನೆ, ಅವರೂ ನಿಮಗೆ ರೇಟು ಜಾಸ್ತಿ ಮಾಡ್ತಾರೆ. ಊರನ್ನ ದಾಳಿಯಿಂದ ಕಾಪಾಡಿದ್ರೆ ಎಲ್ಲರೂ ರೇಟು ಇಳಿಸ್ತಾರೆ. ಮಾಡಿದೋನಿಗೆ ಮಾಡಿದ್ದಕ್ಕೆ ತಕ್ಕ ಬೆಲೆ, ದಿನ ಕಳೆದ ಹಾಗೆ ಆ ಸಿಟ್ಟೂ ಇಳಿಯುತ್ತೆ. ನಮ್ಮೂರುಗಳ ರೇಟ್ ಕಾರ್ಡ್ ಬೇರೆ. ಹೊಸಕೋಟೆ ಪಕ್ಕದ ಮಾಲೂರು ತಾಲೂಕಿನ ಉಳ್ಳೇರಹಳ್ಳೀಲಿ 2022ರ ಸೆಪ್ಟೆಂಬರಲ್ಲಿ ಒಬ್ಬ ದಲಿತ ಬಾಲಕ ದೇವರ ಗುಜ್ಜುಕೋಲು ಮುಟ್ಟಿದ್ದಕ್ಕೆ ಊರಿನವರು ಹಾಕಿದ ದಂಡ 60 ಸಾವಿರ ರೂಪಾಯಿ. ಒಂದು ಕೋಲು ಮುಟ್ಟಿದ ರೇಟು ಅದು. 2024ರಲ್ಲಿ ಯಾದಗಿರಿ ಜಿಲ್ಲೆ ಹುಣಸಗಿ ತಾಲೂಕಿನ ಒಂದು ಊರಲ್ಲಿ ಒಂದು ಮನೆಯವರು ಮಗಳಿಗಾದ ಅನ್ಯಾಯಕ್ಕೆ ಪೊಲೀಸ್ ದೂರು ಕೊಟ್ಟಿದ್ದಕ್ಕೆ ದಲಿತ ಕೇರಿಗೆ ಬಹಿಷ್ಕಾರ ಹಾಕಿ, ಅಂಗಡೀಲಿ ಸಾಮಾನು ಕೊಡಬಾರದು ಅಂದ ಸುದ್ದಿ ಬಂತು. ಏಟು ತಿಂದೋರು ಒಂದು ಮನೆಯವರು, ರೇಟು ಏರಿದ್ದು ಇಡೀ ಕೇರಿಗೆ.

ಸರ್ಕಾರಕ್ಕೂ ಇದು ಗೊತ್ತಿಲ್ಲ ಅಂತಲ್ಲ. ಆಫೀಸಲ್ಲಿ ಫೈಲು ನೋಡೋ ಗುಮಾಸ್ತನಾಗಿ ಒಂದು ಮಾತು ಹೇಳ್ತೀನಿ. ನಮ್ಮ ರಾಜ್ಯದ ಟೆಂಡರ್ ಕಾಯ್ದೇಲಿ ಪರಿಶಿಷ್ಟ ಜಾತಿ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಕಾಮಗಾರಿ ಮೀಸಲು ಇದೆ. ಮೊದಲು 50 ಲಕ್ಷದವರೆಗಿನ ಕಾಮಗಾರಿಗೆ ಇತ್ತು, 2023ರಲ್ಲಿ 1 ಕೋಟಿವರೆಗೆ ಏರಿಸಿದ್ರು. ಇದನ್ನ ಕೆಲವರು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ತಾರೆ. ಅಲ್ಲ ಸ್ವಾಮಿ. ಊರವರು ನಮ್ಮಿಂದ ಕೊಳ್ಳಲ್ಲ, ಹಾಗಾಗಿ ಸರ್ಕಾರವೇ ಗಿರಾಕಿ ಆಗಿ ನಿಲ್ಲಬೇಕಾಯ್ತು. ಆದ್ರೆ ಇಡ್ಲಿಗೆ ಯಾರೂ ಟೆಂಡರ್ ಕರೆಯಲ್ಲ.

ಅಕ್ಕ ಊರು ಬಿಟ್ಟು ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕಡೆ ಬಂದಳು. ಫ್ಯಾಕ್ಟರಿ ಏರಿಯಾ. ರಾಯಚೂರಿನವರು, ಬಿಹಾರದವರು, ಒಡಿಶಾದವರು ಬೆಳಿಗ್ಗೆ ಶಿಫ್ಟಿಗೆ ಓಡೋ ಜನ, ಯಾರ ಇಡ್ಲಿ ಅಂತ ಕೇಳೋಕೆ ಅವರಿಗೆ ಟೈಮಿಲ್ಲ. ದಿನಕ್ಕೆ 60 ಪ್ಲೇಟ್ ಹೋಗ್ತಿತ್ತು. ಸಾಲದ ಕಂತು ಸರಿಯಾಗಿ ಕಟ್ಟತೊಡಗಿದಳು. ಲೋಕಲ್ ಗಿರಾಕಿಗಳು ಮಾತ್ರ ಆಗಾಗ 'ಯಾವೂರಮ್ಮ? ಯಾರ ಪೈಕಿ?' ಅಂತ ಕೇಳೋರು. ಅವಳು ಊರ ಹೆಸರು ಹೇಳಿ, ಇನ್ನೊಂದನ್ನ ಚಟ್ನಿ ಬಡಿಸೋ ನೆಪದಲ್ಲಿ ಹಾರಿಸಿಬಿಡೋಳು.

ಏಪ್ರಿಲ್ ತಿಂಗಳು ಬಂತು. ನಂಗೆ ಫೋನ್ ಮಾಡಿದಳು. 'ಅಂಗಡೀಲಿ ಬಾಬಾಸಾಹೇಬರ ಫೋಟೋ ಹಾಕೋಣ ಅಂತಿದ್ದೀನಿ, ನೀನೇನಂತೀಯ?' ವೇದಿಕೆ ಮೇಲೆ ಮೈಕ್ ಹಿಡಿದು ಹೇಳೋದು ಸುಲಭ. ನಂಗೆ ತಿಂಗಳ ಸಂಬಳ ಬರುತ್ತೆ, ಅವಳಿಗೆ ಪ್ಲೇಟಿನ ಲೆಕ್ಕ. 'ನಿನ್ನ ಅಂಗಡಿ, ನಿನ್ನ ಸಾಲ, ನೀನೇ ತೀರ್ಮಾನ ಮಾಡಕ್ಕ. ಏನು ಮಾಡಿದ್ರೂ ನಾನು ಜೊತೆಗಿರ್ತೀನಿ' ಅಂದೆ.

14ನೇ ತಾರೀಕು ಹಾಕಿದಳು. ನೀಲಿ ಕೋಟಿನ ಫೋಟೋ, ಗಲ್ಲಾಪೆಟ್ಟಿಗೆ ಮೇಲೆ, ಒಂದು ಚೆಂಡು ಹೂವಿನ ಹಾರ. ತಿಂಗಳು ಕಳೆಯೋದರಲ್ಲಿ 60 ಪ್ಲೇಟ್ 45ಕ್ಕೆ ಬಂತು. ಹೊರಗಿನಿಂದ ಬಂದ ಕಾರ್ಮಿಕರು ಬರ್ತಾನೇ ಇದ್ದಾರೆ. ಬಿಟ್ಟಿದ್ದು ಹೆಚ್ಚಾಗಿ ಸುತ್ತಮುತ್ತಲ ನಮ್ಮ ಜನಾನೇ, ಅಂದ್ರೆ ನಮ್ಮ ಭಾಷೆ, ನಮ್ಮ ತಾಲೂಕಿನ ಜನ. ಹದಿನೈದು ಪ್ಲೇಟ್ ಅಂದ್ರೆ ದಿನಕ್ಕೆ 450 ರೂಪಾಯಿ ವ್ಯಾಪಾರ. ಒಂದು ಫೋಟೋಗೆ ಅವಳು ದಿನಾ ಕಟ್ಟುತ್ತಿರೋ ಬಾಡಿಗೆ ಅದು. ಇಳಿಸ್ತೀಯಾ ಅಂತ ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ. ಕಂತಿಗೆ ಕಮ್ಮಿ ಬೀಳುತ್ತೆ ಅಂತ ಈಗ ಸಂಜೆ ಹೊತ್ತು ಮೊಟ್ಟೆ ದೋಸೆ ಶುರು ಮಾಡಿದ್ದಾಳೆ.

ನನ್ನ ಮನವಿ ಇಷ್ಟೇ. ಜಯಂತಿ ದಿನ ಪೋಸ್ಟಿಗೆ ಲೈಕ್ ಒತ್ತೋ ಬೇರೆ ಸಮುದಾಯದ ಗೆಳೆಯರು ನನ್ನ ಲಿಸ್ಟಲ್ಲಿ ಬಹಳ ಜನ ಇದ್ದೀರಿ, ನಿಮ್ಮ ಪ್ರೀತಿ ಬಗ್ಗೆ ಅನುಮಾನ ಇಲ್ಲ. ಸಹಪಂಕ್ತಿ ಭೋಜನ ಅಂತ ವರ್ಷಕ್ಕೊಂದು ದಿನ ನಮ್ಮ ಕೇರಿಗೆ ಬಂದು ಊಟ ಮಾಡಿ ಫೋಟೋ ತೆಗೆಸಿಕೊಳ್ಳೋದು ಬೇಡ. ನಿಮ್ಮೂರಲ್ಲಿ ನಮ್ಮವರು ಇಟ್ಟಿರೋ ಟೀ ಅಂಗಡಿ, ಟಿಫನ್ ಸೆಂಟರ್, ಹಾಲು, ತರಕಾರಿ ಎಲ್ಲಿದೆ ಅಂತ ಹುಡುಕಿ. ದುಡ್ಡು ಕೊಟ್ಟು ತಿನ್ನಿ. ರುಚಿ ಇಲ್ಲದಿದ್ರೆ ರುಚಿ ಇಲ್ಲ ಅಂತ ಮುಖಕ್ಕೇ ಹೇಳಿ, ಅದು ಗಿರಾಕಿ ಹಕ್ಕು. ಚೆನ್ನಾಗಿದ್ರೆ ನಾಳೆ ಮತ್ತೆ ಹೋಗಿ, ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗಿ. ನಮ್ಮ ಹುಡುಗರಿಗೂ ಒಂದು ಮಾತು. ಸಂಘದ ಮೀಟಿಂಗಿಗೆ ಟೀ ತರಿಸುವಾಗ ಯಾರ ಅಂಗಡಿಯಿಂದ ತರಿಸ್ತಿದ್ದೀವಿ ಅಂತ ನೋಡಿ.

ದೊಡ್ಡಬಳ್ಳಾಪುರ ಕಡೆ ಬಂದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಅಕ್ಕನ ಅಂಗಡಿ ದಾರಿ ಹೇಳ್ತೀನಿ. ಭಾನುವಾರ ರಜ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಕೆಂಪು ಚಟ್ನಿ ಸಿಗಲ್ಲ.

ಜೈ ಭೀಮ್.