ಕವಾಯತು ಮತ್ತು ಸಂಬಳ

ಅಲಂಕಾರಶಾಸ್ತ್ರವನ್ನು ಗುರುಮುಖದಿಂದ ಓದಿದ ನನ್ನಂಥವನು ಹದಿನೆಂಟನೆಯ ಶತಮಾನದ ಐರೋಪ್ಯ ಸೈನ್ಯಗಳ ವ್ಯವಸ್ಥೆಯನ್ನು ಕುರಿತು ಬರೆಯಹೊರಟರೆ, ಪಂಡಿತರು ಪಾಣಿನಿಯನ್ನು ಬಿಟ್ಟು ಫಿರಂಗಿಯನ್ನು ಹಿಡಿದರೆಂದು ಸಹೃದಯರು ನಗಬಹುದು. ಆದರೆ ನನ್ನನ್ನು ಆ ದಾರಿಗೆ ಎಳೆದವನು ನಮ್ಮ ಸೀಮೆಯವನೇ ಆದ ಒಬ್ಬ ಕವಿ. ಅವನು ನಂಜನಗೂಡು ತಾಲ್ಲೂಕಿನ ಕಳಲೆಯ ದಳವಾಯಿ ಮನೆತನದ ಕರಾಚೂರಿ ನಂಜರಾಜಯ್ಯ.

ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ (1734–1766) ರಾಜ್ಯದ ಆಡಳಿತವೆಲ್ಲ ದಳವಾಯಿ ದೇವರಾಜಯ್ಯ ಮತ್ತು ಅವನ ತಮ್ಮ ಸರ್ವಾಧಿಕಾರಿ ನಂಜರಾಜಯ್ಯನ ಕೈಯಲ್ಲಿತ್ತು. ಕಕುದ್ಗಿರಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯಗಳ ಕರ್ತೃವೆಂದು ನಾವು ಈತನನ್ನು ಬಲ್ಲೆವು. ನೃಸಿಂಹಕವಿಯ ‘ನಂಜರಾಜಯಶೋಭೂಷಣ’ವೆಂಬ ಸಂಸ್ಕೃತ ಅಲಂಕಾರಗ್ರಂಥದಲ್ಲಿ ಉದಾಹರಣಪದ್ಯಗಳ ನಾಯಕನೂ ಈತನೇ. ಇಂತಹ ವೀರನಾಯಕನ ಮನೆಯ ಬಾಗಿಲಲ್ಲಿ 1758ರಲ್ಲಿ ಅವನ ಸೈನಿಕರೇ ಸಂಬಳದ ಬಾಕಿಗಾಗಿ ಧರಣಿ ಕುಳಿತರೆಂದು ಚರಿತ್ರೆ ಹೇಳುತ್ತದೆ. ಕಾವ್ಯದ ನಾಯಕನಿಗೂ ಚರಿತ್ರೆಯ ನಾಯಕನಿಗೂ ಇಷ್ಟು ಅಂತರವೇಕೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ರಜೆಯ ದಿನಗಳಲ್ಲಿ ತಿರುಮಕೂಡಲು ನರಸೀಪುರದಿಂದ ಮೈಸೂರಿಗೆ ಹೋಗಿ, 1930ರಲ್ಲಿ ಅಲ್ಲಿಯೇ ಪುನರ್ಮುದ್ರಿತವಾದ ವಿಲ್ಕ್ಸನ ಇತಿಹಾಸವನ್ನೂ ಹಯವದನರಾಯರ ಮೈಸೂರು ಚರಿತ್ರೆಯ ಸಂಪುಟಗಳನ್ನೂ ನಿಘಂಟಿನ ನೆರವಿನಿಂದ ನಿಧಾನವಾಗಿ ಓದಿದೆನು. ನಮ್ಮೂರಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ಮುಂದೆ ಹರಿದು ಶ್ರೀರಂಗವನ್ನು ಸೇರುತ್ತಾಳಷ್ಟೆ. ಆ ಶ್ರೀರಂಗ, ತಿರುಚಿನಾಪಳ್ಳಿಗಳ ಬಯಲಿನಲ್ಲಿಯೇ ನಂಜರಾಜಯ್ಯನ ದಂಡು 1752ರಿಂದ 1755ರವರೆಗೆ ಬೀಡುಬಿಟ್ಟಿತ್ತು. ನೆರವಿಗೆ ಪ್ರತಿಯಾಗಿ ತಿರುಚಿನಾಪಳ್ಳಿಯನ್ನೇ ಕೊಡುವೆನೆಂದಿದ್ದ ಮಹಮದಾಲಿ ಕೆಲಸವಾದ ಮೇಲೆ ಮಾತು ತಪ್ಪಿದನು. ನಂಜರಾಜಯ್ಯನು ಫ್ರೆಂಚರ ಪಕ್ಷಕ್ಕೆ ತಿರುಗಿದರೂ ಕೋಟೆ ಕೈಸೇರಲಿಲ್ಲ. ಬೊಕ್ಕಸ ಮಾತ್ರ ಬರಿದಾಯಿತು.

ಮೈಸೂರಿನವರ ಶೌರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಕಟ್ಟುಪಾಡಿನಲ್ಲಿ. ಆ ಕಾಲದ ನಮ್ಮ ಶಿಲೇದಾರನು ಸ್ವಂತ ಕುದುರೆಯನ್ನು ತಂದು ಸೇವೆಗೆ ನಿಲ್ಲುತ್ತಿದ್ದನು. ಕುದುರೆ ಸತ್ತರೆ ಜೀವನೋಪಾಯವೇ ಹೋಗುವುದರಿಂದ ಗುಂಡಿನ ಮಳೆಗೆ ಅದನ್ನು ನುಗ್ಗಿಸಲು ಅವನು ಹಿಂಜರಿದರೆ ಆಶ್ಚರ್ಯವಿಲ್ಲ. ಕೂಲಿಗೆ ಬಂದ ಮುರಾರಿರಾಯನ ಮರಾಠ ಕುದುರೆದಂಡಿನ ನಿಷ್ಠೆ ಅವನೊಬ್ಬನಿಗೇ ಮೀಸಲಾಗಿತ್ತು. ಎದುರಿನಲ್ಲಿದ್ದುದಾದರೋ, 1748ರಲ್ಲಿ ಬಂದ ಸ್ಟ್ರಿಂಜರ್ ಲಾರೆನ್ಸನು ತಿದ್ದಿ ನಿಲ್ಲಿಸಿದ ಮದರಾಸಿನ ಚಿಕ್ಕ ಪಡೆ.

ಯೂರೋಪಿನಲ್ಲಿ ಸೈನಿಕನು ಕಂಪನಿಗೆ, ಕಂಪನಿಯು ಪಟಾಲಮಿಗೆ, ಪಟಾಲಂ ರೆಜಿಮೆಂಟಿಗೆ ಸೇರಿದ್ದು, ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಉತ್ತರ ಹೇಳುವ ಅಧಿಕಾರಿಯೊಬ್ಬನಿರುತ್ತಿದ್ದನು. 1770ರ ದಶಕದ ಇಂಗ್ಲಿಷರ ಪದಾತಿ ಪಟಾಲಮಿನಲ್ಲಿ ಸಾಮಾನ್ಯವಾಗಿ 10 ಕಂಪನಿಗಳು. ಪ್ರಷ್ಯದ ದೊರೆ ಫ್ರೆಡರಿಕನ ಪಟಾಲಂ ಗುಂಡು ಹಾರಿಸುವಾಗ 8 ತುಕಡಿಗಳಾಗಿ ಒಡೆಯುತ್ತಿತ್ತು. ಒಂದು ತುಕಡಿ ಮದ್ದು ತುಂಬುತ್ತಿರುವಾಗ ಇನ್ನೊಂದು ಹೊಡೆಯುವುದರಿಂದ ಬೆಂಕಿ ನಿಲ್ಲುತ್ತಿರಲಿಲ್ಲ. ಅಲ್ಲಿಯೂ ದೋಷಗಳಿಲ್ಲದಿರಲಿಲ್ಲ. ಚಾವಟಿಯ ಶಿಕ್ಷೆ ಕ್ರೂರವಾಗಿತ್ತು. ಇಂಗ್ಲೆಂಡಿನಲ್ಲಿ ಪದಾತಿ ಮತ್ತು ಕುದುರೆದಂಡಿನ ಅಧಿಕಾರಪದವಿಗಳು 1871ರವರೆಗೂ ಹಣಕ್ಕೆ ಮಾರಾಟವಾಗುತ್ತಿದ್ದುವು. ಆದರೂ ನಾಯಕನೊಬ್ಬನು ಬಿದ್ದರೆ ಮುಂದಿನವನು ಯಾರೆಂಬುದು ಮೊದಲೇ ಗೊತ್ತಿದ್ದುದರಿಂದ ದಂಡು ಚೆದರುತ್ತಿರಲಿಲ್ಲ.

ಭಾಷೆಯ ವಿದ್ಯಾರ್ಥಿಯಾದ ನನಗೆ ಇದರ ತಿರುಳು ಎರಡು ಶಬ್ದಗಳಲ್ಲಿ ದೊರೆಯಿತು. ನಾವು ಆಡುವ ‘ಕಾಯಿದೆ’ ಮತ್ತು ‘ಕವಾಯತು’ ಎರಡೂ ಅರಬ್ಬಿಯ ಒಂದೇ ಶಬ್ದದ ಏಕವಚನ, ಬಹುವಚನಗಳಿಂದ ಬಂದವು. ಕವಾಯತು ಎಂದರೆ ನಿಯಮಗಳು. ಕೈಕಾಲು ಆಡಿಸುವುದು ಅವುಗಳ ಹೊರರೂಪ ಮಾತ್ರ. ಇನ್ನು ‘ಸಂಬಳ’ವು ದಾರಿಯ ಬುತ್ತಿ ಎಂಬ ಅರ್ಥದ ಸಂಸ್ಕೃತದ ‘ಶಂಬಲ’. ಬುತ್ತಿಯನ್ನು ಕಟ್ಟಿಕೊಡದೆ ದಾರಿಗೆ ಕಳುಹಿಸಿದವನು ಪಯಣಿಗನಿಂದ ಏನನ್ನು ನಿರೀಕ್ಷಿಸಬಹುದು?

ಈ ಪಾಠವನ್ನು ಆ ಬಯಲಿನಲ್ಲಿಯೇ ಕಣ್ಣಾರೆ ಕಂಡು ಮನಗಂಡವನು ನಂಜರಾಜಯ್ಯನ ಕೈಕೆಳಗಿದ್ದ ಹೈದರನು. ದಿಂಡಿಗಲ್ಲಿನ ಫೌಜುದಾರನಾದ ಮೇಲೆ ಫ್ರೆಂಚ್ ಕುಶಲಿಗಳ ನೆರವಿನಿಂದ ಅವನು ತೋಪುಖಾನೆಯನ್ನು ಕಟ್ಟಿದನು. 1758ರಲ್ಲಿ ಸೈನಿಕರ ಬಾಕಿಯ ಲೆಕ್ಕವನ್ನು ಪರಿಶೀಲಿಸಿ ತೀರಿಸಿದವನೂ ಅವನೇ. ಮರುವರ್ಷ ನಂಜರಾಜಯ್ಯನು ಅಧಿಕಾರದಿಂದ ಇಳಿಯಬೇಕಾಯಿತು. 1761ರ ವೇಳೆಗೆ ರಾಜ್ಯವೇ ಹೈದರನ ಕೈಸೇರಿತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಮೈಸೂರಿನವರು ನಿರ್ನಾಮಗೊಳಿಸಿದರು. ಟಿಪ್ಪುವಿನ ಕಾಲಕ್ಕೆ ‘ಫತುಹುಲ್ ಮುಜಾಹಿದೀನ್’ ಎಂಬ ಸೈನ್ಯಶಾಸ್ತ್ರಗ್ರಂಥವೇ ಪಾರಸಿಯಲ್ಲಿ ಸಿದ್ಧವಾಯಿತು. ಕುಶೂನ್, ಅದರೊಳಗೆ ರಿಸಾಲೆ, ಅದರೊಳಗೆ ಜೂಕ್ ಎಂದು ಪದಾತಿಯನ್ನು ವಿಭಾಗಿಸಿ, ಕ್ರಮವಾಗಿ ಸಿಪಹದಾರ, ರಿಸಾಲದಾರ, ಜೂಕದಾರರನ್ನು ನೇಮಿಸಲಾಯಿತು. ವ್ಯವಸ್ಥೆಯೆಂಬುದು ಯಾವ ಜನಾಂಗದ ಸೊತ್ತೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟನ್ನೂ ತಿಳಿದ ಮೇಲೆ ನಂಜರಾಜಯ್ಯನ ಮೇಲಿನ ನನ್ನ ಗೌರವ ಕುಗ್ಗಿಲ್ಲ. ಯಶಸ್ಸನ್ನು ಹಾಡುವ ಕವಿ ಅವನ ಆಸ್ಥಾನದಲ್ಲಿದ್ದನು. ಬಾಕಿಯ ಲೆಕ್ಕವನ್ನು ಹೊತ್ತಿಗೆ ಮುಂದಿಡುವವನು ಇರಲಿಲ್ಲ. ದಂಡಾಗಲಿ ವಿದ್ಯಾಶಾಲೆಯಾಗಲಿ, ನಿಯಮವು ಎಲ್ಲರಿಗೂ ಒಂದೇ ಆಗಿ, ದುಡಿಯುವವನ ಬುತ್ತಿ ಹೊತ್ತಿಗೆ ಸರಿಯಾಗಿ ದೊರೆತರೆ ನಿಲ್ಲುತ್ತದೆ. ಇಲ್ಲವಾದರೆ ಎಷ್ಟು ಪ್ರಶಸ್ತಿಪದ್ಯಗಳಿದ್ದರೂ ನಿಲ್ಲದು. ಬೋಧಿಸುವವರೂ ಪೋಷಿಸುವವರೂ ಕಲಿತು ಹೋದವರೂ ಕೂಡಿ ಓದುವ ಈ ಸಂಚಿಕೆಯಲ್ಲಿ ಈ ಮಾತನ್ನು ಅರಿಕೆ ಮಾಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.